ಪರಿಚಾರಕರ ಪರೀಕ್ಷೆ

ಮನುಷ್ಯನ ಮುಖವನ್ನು ನೋಡಿದೊಡನೆಯೇ ಅವನ ಯೋಗ್ಯತೆಯನ್ನು ತಿಳಿಯಬಲ್ಲೆವೆಂದು ನಂಬಿರುವವರು ನಮ್ಮಲ್ಲಿ ಬಹು ಮಂದಿ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ಕಾಫಿಗಳು ಮುಗಿಯುವುದರೊಳಗಾಗಿ ಸೊಸೆಯಾಗತಕ್ಕವಳ ಗುಣಾವಗುಣಗಳನ್ನೆಲ್ಲ ನಿರ್ಣಯಿಸಿಬಿಡುತ್ತಾರೆ. ದನದ ಜಾತ್ರೆಗೆ ಹೋದವರು ಮಾತ್ರ ಇಷ್ಟು ಆತುರಪಡುವುದಿಲ್ಲ. ಹಲ್ಲನ್ನು ಎಣಿಸುತ್ತಾರೆ, ಸುಳಿಯನ್ನು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ನಮ್ಮ ತಿಪಟೂರಿನ ಸೀಮೆಯಲ್ಲಿ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೂ ಅದನ್ನು ಕೈಗೆ ತೆಗೆದುಕೊಂಡು ಕಿವಿಯ ಬಳಿ ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಕಾಲವಿದೆ. ಒಳಗಿನ ಉಂಡೆ ಚಿಪ್ಪಿಗೆ ಬಡಿದು ಗಡಗಡ ಎಂದರೆ ಸುಲಿಯಬಹುದು. ಒಂದು ಕಾಯಿಯ ವಿಷಯದಲ್ಲಿಯೇ ಇಷ್ಟು ಎಚ್ಚರವಿರುವ ನಾವು, ಹಾಸಿಗೆ ಹಿಡಿದ ತಾಯಿಯನ್ನೋ ಮರೆವು ಕವಿದ ತಂದೆಯನ್ನೋ ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನು ಹತ್ತು ನಿಮಿಷಗಳ ಮಾತುಕತೆಯಲ್ಲಿ ತೀರ್ಮಾನಿಸುತ್ತೇವೆ. ಈ ಮಾತುಕತೆಗೆ ಸಂದರ್ಶನವೆಂದು ಹೆಸರು.

ಅಂತಹ ಸಂದರ್ಶನಗಳನ್ನು ನಡೆಸುವ ಮಂಡಲಿಯಲ್ಲಿ ಕುಳಿತುಕೊಳ್ಳುವ ಯೋಗವು ನನಗೆ ಕೆಲವು ವರ್ಷಗಳಿಂದ ಒದಗಿಬಂದಿದೆ. ನಮ್ಮ ಕಡೆಯ ಧರ್ಮದತ್ತಿಯೊಂದು ನಡೆಸುತ್ತಿರುವ ವೃದ್ಧರ ನಿವಾಸವದು. ಮೂವತ್ತನಾಲ್ಕು ಮಂದಿ ಇದ್ದಾರೆ. ಅವರಲ್ಲಿ ಇಪ್ಪತ್ತೆರಡು ಮಂದಿ ಹೆಂಗಸರು. ಅರ್ಧದಷ್ಟು ಜನ ತಮ್ಮ ಕೆಲಸವನ್ನು ತಾವೇ ನೋಡಿಕೊಳ್ಳಬಲ್ಲರು, ಉಳಿದವರು ಇನ್ನೊಬ್ಬರ ಕೈಯನ್ನು ನೆಚ್ಚಿದವರು. ದತ್ತಿಯ ಅಧ್ಯಕ್ಷರು ನಿವೃತ್ತರಾದ ವೈದ್ಯರು. ಕಾರ್ಯದರ್ಶಿಗಳು ಕೊಬ್ಬರಿಯ ಮಂಡಿಯನ್ನು ಇಟ್ಟಿದ್ದವರು. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳ ಕಾಲ ಪಾಠ ಹೇಳಿದವನು. ಪ್ರಶ್ನಪತ್ರಿಕೆಗಳನ್ನು ತಯಾರಿಸಿಯೇ ಆಯುಸ್ಸನ್ನು ಕಳೆದವನಿಗೆ ಪ್ರಶ್ನೆ ಕೇಳುವುದು ಬಾರದಿರುವುದೆ ಎಂದು ಅವರು ತರ್ಕಿಸಿರಬೇಕು.

ಇಂತಹ ನಿವಾಸಗಳು ಈ ಸೀಮೆಗೆ ಏತಕ್ಕೆ ಬೇಕಾದವೆಂದು ಹೊರಗಿನವರು ಕೇಳುವುದುಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮೇಲೆ ಹಾದುಹೋಗುವವರಿಗೆ ಕಾಣುವುದು ಹಸುರು ತೋಟಗಳು, ಹೆಂಚಿನ ಮನೆಗಳು, ಮನೆಯ ಮುಂದೆ ಕಾಯಿಯ ರಾಶಿ. ದಾರಿದ್ರ್ಯದ ಕಳೆ ಅಲ್ಲಿಲ್ಲ. ಆದರೆ ನನಗೆ ತೋರುವ ಮಟ್ಟಿಗೆ, ಮನೆಗಳನ್ನು ಬರಿದುಮಾಡಿದುದರಲ್ಲಿ ತೆಂಗಿಗೂ ಒಂದು ಪಾಲುಂಟು. ಭತ್ತದ ಗದ್ದೆಯು ಯಜಮಾನನನ್ನು ಬಿಡುವುದಿಲ್ಲ. ನಾಟಿಯ ಕಾಲಕ್ಕೆ, ಕಳೆಯ ಕಾಲಕ್ಕೆ, ಕೊಯ್ಲಿನ ಕಾಲಕ್ಕೆ ಮನೆಯವರೆಲ್ಲ ಅಲ್ಲಿರಬೇಕು. ತೆಂಗಿನ ಮರವು ಹಾಗಲ್ಲ. ನೀರು ಕಟ್ಟುವವನೊಬ್ಬ, ಎರಡು ತಿಂಗಳಿಗೊಮ್ಮೆ ಕಾಯಿ ಕೀಳುವವನೊಬ್ಬ ಇದ್ದರೆ ಅದು ತನ್ನ ಪಾಡಿಗೆ ತಾನು ಫಲ ಕೊಡುತ್ತಿರುತ್ತದೆ. ಕಿತ್ತ ಕಾಯಿಯು ಅಟ್ಟಕ್ಕೆ ಏರಿದ ಮೇಲೆ ಹತ್ತು ತಿಂಗಳ ತನಕ ಯಾರನ್ನೂ ಕೇಳುವುದಿಲ್ಲ. ಹೀಗಾಗಿ ಮಕ್ಕಳು ಓದಲು ಹೋದರು. ಓದಿದವರು ರೈಲು ಹತ್ತಿ ಬೆಂಗಳೂರಿಗೆ ಹೋದರು. ಅಲ್ಲಿಂದ ವಿಮಾನ ಹತ್ತಿದವರೂ ಉಂಟು. ತೋಟವನ್ನು ಕಾಯಲು ಅಪ್ಪ ಅಮ್ಮ ಇದ್ದರೆ ಸಾಕಾಯಿತು. ಅಪ್ಪ ಅಮ್ಮನನ್ನು ಕಾಯುವವರು ಯಾರೆಂಬ ಪ್ರಶ್ನೆಯು ಇಪ್ಪತ್ತು ವರ್ಷಗಳಾದ ಮೇಲೆ ಹುಟ್ಟಿತು. ೨೦೧೧ರ ಜನಗಣತಿಯಲ್ಲಿ ಅರವತ್ತು ತುಂಬಿದವರು ಭಾರತದಲ್ಲಿ ನೂರಕ್ಕೆ ೮.೬ ಮಂದಿ ಇದ್ದರೆ ಕರ್ನಾಟಕದಲ್ಲಿ ೯.೫ ಮಂದಿ ಇದ್ದರು. ಲೆಕ್ಕ ಹಳೆಯದು; ನಮ್ಮ ಕಡೆಯ ಕೆಲವು ಬೀದಿಗಳಲ್ಲಿ ಸಂಜೆ ನಡೆದುಹೋದರೆ, ಜಗಲಿಯ ಮೇಲೆ ಕುಳಿತವರಲ್ಲಿ ಅರವತ್ತು ತುಂಬದವರನ್ನು ಹುಡುಕಬೇಕಾಗುತ್ತದೆ.

ಸರ್ಕಾರವು ಈ ಸಂಗತಿಯನ್ನು ಗಮನಿಸದೆ ಇಲ್ಲ. ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ೨೦೦೭ರಲ್ಲಿ ಬಂದಿತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಯ ಮುಂದೆ ಅರ್ಜಿ ಹಾಕಬಹುದು. ನಮ್ಮ ಮೂರು ತಾಲ್ಲೂಕುಗಳಿಗೂ ಆ ಕಚೇರಿ ತಿಪಟೂರಿನಲ್ಲಿಯೇ ಇದೆ. ತಿಂಗಳಿಗೆ ೧೦,೦೦೦ ರೂಪಾಯಿಗಳವರೆಗೆ ಜೀವನಾಂಶವನ್ನು ಕೊಡಿಸಬಹುದೆಂದೂ, ಜಿಲ್ಲೆಗೊಂದರಂತೆ ನೂರೈವತ್ತು ಮಂದಿ ನಿರ್ಗತಿಕ ವೃದ್ಧರಿಗೆ ನಿವಾಸವಿರಬಹುದೆಂದೂ ಅದರಲ್ಲಿ ಹೇಳಿದೆ. ಆದರೆ ನಮ್ಮ ನಿವಾಸಕ್ಕೆ ಬಂದವರಲ್ಲಿ ಹಲವರ ಮಕ್ಕಳು ದುಷ್ಟರಲ್ಲ. ಹಣವನ್ನು ತಪ್ಪದೆ ಕಳುಹಿಸುತ್ತಾರೆ, ವಾರಕ್ಕೆರಡು ಬಾರಿ ದೂರವಾಣಿಯಲ್ಲಿ ಮುಖವನ್ನು ತೋರಿಸುತ್ತಾರೆ. ಅವರಿಗೆ ಇಲ್ಲದಿರುವುದು ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ ತಾಯಿಯ ಮಗ್ಗುಲನ್ನು ತಿರುಗಿಸುವ ಎರಡು ಕೈಗಳು. ಆ ಕೈಗಳನ್ನು ಹುಡುಕಿಕೊಡತಕ್ಕ ಕೆಲಸ ನಮ್ಮ ಪಾಲಿಗೆ ಬಂದಿದೆ.

ಹುಡುಕುವುದಕ್ಕೆ ಮೊದಲು, ಹುಡುಕುವ ವಸ್ತುವಿಗೆ ಹೆಸರೇನು ಎಂಬುದೇ ನಮ್ಮಲ್ಲಿ ಚರ್ಚೆಯಾಯಿತು. ತೀರ್ಥಪುರದ ತೀ.ನಂ.ಶ್ರೀಕಂಠಯ್ಯನವರು ಹುಟ್ಟಿದ ಸೀಮೆಯವರಿಗೆ ಶಬ್ದದ ಬೇರನ್ನು ಕೆದಕುವ ಚಪಲವಿದ್ದರೆ ವಾಚಕರು ಕ್ಷಮಿಸಬೇಕು. ‘ದಾದಿ’ ಎಂದರೆ ಹಳೆಯ ಕಾವ್ಯಗಳಲ್ಲಿ ಅರಸುಮಕ್ಕಳಿಗೆ ಹಾಲೂಡಿ ಸಾಕಿದವಳು. ಈಗ ಆ ಮಾತನ್ನು ಆಡಿದರೆ ಓದಿದ ಹುಡುಗಿಯರು ಮುಖವನ್ನು ಕಿರಿದುಮಾಡಿಕೊಳ್ಳುತ್ತಾರೆ. ‘ಆಯಾ’ ಎಂಬುದು ಪೋರ್ಚುಗೀಸರಿಂದ ಬಂದ ಮಾತು. ‘ನರ್ಸಮ್ಮ’ ಎಂಬುದು ಜನರ ಬಾಯಲ್ಲಿ ಇರುವುದು, ಅದರಲ್ಲಿ ಗೌರವವೂ ಇದೆ. ಗ್ರಂಥಸ್ಥವಾದುದು ‘ಶುಶ್ರೂಷೆ’. ಅದಕ್ಕೆ ಮೂಲಾರ್ಥವು ಕೇಳಬೇಕೆಂಬ ಇಚ್ಛೆ; ಹೇಳಿದುದನ್ನು ಕೇಳಲು ಬಯಸುವವನು ಸೇವೆ ಮಾಡುವವನೂ ಆದನು. ಮಂಡಲಿಯಲ್ಲಿ ಈ ಅರ್ಥವನ್ನು ನಾನು ಹೇಳಿದಾಗ ಕಾರ್ಯದರ್ಶಿಗಳು, “ಹಾಗಾದರೆ ಮೇಷ್ಟ್ರೆ, ನಮ್ಮ ಪ್ರಶ್ನೆಗೆ ಅವರು ಏನು ಹೇಳ್ತಾರೆ ಅನ್ನೋದಕ್ಕಿಂತ, ನಾವು ಹೇಳೋದನ್ನ ಹೇಗೆ ಕೇಳ್ತಾರೆ ಅನ್ನೋದನ್ನ ನೋಡ್ಬೇಕು” ಎಂದರು. ಮಂಡಿಯಲ್ಲಿ ಕುಳಿತವರ ಬುದ್ಧಿ ಶಬ್ದಕೋಶದವರಿಗಿಂತ ಚುರುಕೆಂದು ಆ ದಿನ ನನಗೆ ಎನಿಸಿತು.

ಪರಿಚಾರಕನಲ್ಲಿ ಏನಿರಬೇಕೆಂಬುದನ್ನು ನಮ್ಮ ಪೂರ್ವಿಕರು ಯೋಚಿಸದೆ ಬಿಟ್ಟಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ನಾಲ್ಕು ಗುಣಗಳು: ಉಪಚಾರದ ತಿಳಿವಳಿಕೆ, ದಕ್ಷತೆ, ತಾನು ನೋಡಿಕೊಳ್ಳುವವರಲ್ಲಿ ಅನುರಾಗ, ಶುಚಿತ್ವ. ಅದೇ ಗ್ರಂಥದ ಹದಿನೈದನೆಯ ಅಧ್ಯಾಯದಲ್ಲಿ ಆರೋಗ್ಯಶಾಲೆಯೊಂದನ್ನು ಅಣಿಮಾಡುವ ಬಗೆಯನ್ನು ಹೇಳುವಾಗ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತಾರೆ: ಅನ್ನ ಸಾರುಗಳನ್ನು ಅಡಬಲ್ಲವರು, ಸ್ನಾನ ಮಾಡಿಸಬಲ್ಲವರು, ಮೈ ಒತ್ತಬಲ್ಲವರು, ಎಬ್ಬಿಸಿ ಕೂರಿಸಬಲ್ಲವರು, ಮಲಗಿಸಬಲ್ಲವರು, ಔಷಧವನ್ನು ಅರೆಯಬಲ್ಲವರು ಬೇಕು, ಯಾವ ಕೆಲಸಕ್ಕೂ ಅಸಹ್ಯಪಡದವರಾಗಿರಬೇಕು. ಹಾಡುವುದರಲ್ಲಿಯೂ ಕಥೆ ಪುರಾಣಗಳನ್ನು ಹೇಳುವುದರಲ್ಲಿಯೂ ಕುಶಲರಾದವರು ಇನ್ನು ಕೆಲವರು ಬೇಕಂತೆ. ಇದನ್ನು ಓದಿದಾಗ ನನಗೆ ಆದ ಸೋಜಿಗ ಅಷ್ಟಿಷ್ಟಲ್ಲ. ಎಬ್ಬಿಸುವುದನ್ನೂ ಮಲಗಿಸುವುದನ್ನೂ ಒಂದೊಂದು ವಿದ್ಯೆಯೆಂದು ಎಣಿಸಿದ ನಾಡಿನಲ್ಲಿ, ಆ ಕೆಲಸವನ್ನು ಮಾಡುವವರನ್ನು ಹಿತ್ತಿಲ ಬಾಗಿಲಿನಿಂದ ಕರೆಯುವ ರೂಢಿ ಹೇಗೆ ಬಂದಿತೋ! ವಿಲಾಯಿತಿಯಲ್ಲಿಯೂ ೧೮೬೦ರಲ್ಲಿ ನೈಟಿಂಗೇಲ್ ಮಹಾಶಯೆಯು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷೆಯ ಶಾಲೆಯನ್ನು ತೆರೆಯುವವರೆಗೆ ಈ ಉದ್ಯೋಗಕ್ಕೆ ಮರ್ಯಾದೆ ಹೆಚ್ಚಾಗಿರಲಿಲ್ಲವೆಂಬುದನ್ನು ಓದಿ ಸಮಾಧಾನ ತಂದುಕೊಳ್ಳುವುದಾದರೆ ತಂದುಕೊಳ್ಳಬಹುದು.

ನಾನು ಹೇಳಹೊರಟಿರುವುದು ೨೦೨೪ರ ಬೇಸಗೆಯಲ್ಲಿ ನಡೆದ ಸಂದರ್ಶನದ ವಿಷಯ. ರಾತ್ರಿಯ ಪಾಳಿಗೆ ಒಬ್ಬ ನರ್ಸು, ಇಬ್ಬರು ಆಯಾಗಳು ಬೇಕಾಗಿದ್ದಿತು. ನರ್ಸಿನ ಸ್ಥಾನಕ್ಕೆ ಏಳು, ಆಯಾಗಳ ಸ್ಥಾನಕ್ಕೆ ಹನ್ನೊಂದು ಅರ್ಜಿಗಳು ಬಂದಿದ್ದವು. ಮೊದಲನೆಯ ವಿವಾದವು ಅರ್ಜಿಗಳನ್ನು ಬಿಚ್ಚುವಾಗಲೇ ಎದ್ದಿತು. ಸದಸ್ಯರೊಬ್ಬರು, ನರ್ಸಿಗೆ ಕೊಡುವ ಸಂಬಳದಲ್ಲಿ ಇಬ್ಬರು ಚುರುಕಾದ ಹುಡುಗಿಯರನ್ನು ಇಟ್ಟುಕೊಂಡು ಬಿಳಿಯ ಸಮವಸ್ತ್ರವನ್ನು ಹೊಲಿಸಿಕೊಟ್ಟರೆ ಸಾಲದೆ, ನೋಡುವವರಿಗೆ ಭೇದವೇನು ತಿಳಿಯುತ್ತದೆ ಎಂದರು. ಇದು ಬರಿಯ ಜಿಪುಣತನದ ಮಾತಲ್ಲ. ಹಲವು ಕಡೆ ನಡೆಯುತ್ತಿರುವುದೇ ಹೀಗೆ. ಬೆಂಗಳೂರಿನಲ್ಲಿ ‘ಹೋಂ ನರ್ಸ್’ ಎಂದು ಮನೆಗಳಿಗೆ ಕಳುಹಿಸುವವರಲ್ಲಿ ನರ್ಸಿಂಗ್ ಓದದವರು ಎಷ್ಟೋ ಮಂದಿ. ಆದರೆ ಎರಡು ವರ್ಷ ಓದಿದ ಎ.ಎನ್.ಎಂ., ಮೂರು ವರ್ಷ ಓದಿದ ಜಿ.ಎನ್.ಎಂ., ನಾಲ್ಕು ವರ್ಷ ಓದಿದ ಬಿ.ಎಸ್‌ಸಿ. ಇವರಿಗೂ ಓದದೆ ಬಂದವರಿಗೂ ಇರುವ ಭೇದವು ಹಗಲು ಹೊತ್ತಿನಲ್ಲಿ ತಿಳಿಯುವುದಿಲ್ಲ. ರಾತ್ರಿ ಸಕ್ಕರೆಯ ಕಾಯಿಲೆಯ ಮುದುಕರೊಬ್ಬರು ಬೆವೆತು ತೊದಲತೊಡಗಿದರೆ, ಅದು ನಿದ್ದೆಗಣ್ಣಿನ ಮಾತೋ, ರಕ್ತದಲ್ಲಿ ಸಕ್ಕರೆ ಇಳಿದುದೋ, ಪಾರ್ಶ್ವವಾಯುವೋ ಎಂದು ನಿರ್ಧರಿಸಲು ಇರುವುದು ಕೆಲವೇ ನಿಮಿಷಗಳು. ಅಧ್ಯಕ್ಷರು ಈ ಮಾತನ್ನು ಹೇಳಿ, “ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಲ್ಲದವರನ್ನು ನಾವು ನರ್ಸೆಂದು ಕರೆಯಕೂಡದು. ಕರೆದರೆ ಅದು ಮಕ್ಕಳಿಗೆ ಹೇಳಿದ ಸುಳ್ಳಲ್ಲ, ಹಾಸಿಗೆಯಲ್ಲಿರುವವರಿಗೆ ಮಾಡಿದ ಮೋಸ” ಎಂದರು. ಚರ್ಚೆ ಅಲ್ಲಿಗೆ ನಿಂತಿತು.

ಸಂದರ್ಶನದ ದಿನ ಬೆಳಗ್ಗೆ ಬಂದವರಲ್ಲಿ ಹೆಚ್ಚು ಮಂದಿ ಒಂದೇ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಈ ಕೆಲಸಕ್ಕೆ ಏಕೆ ಬಂದಿರಿ ಎಂದರೆ, “ಸೇವೆ ಮಾಡಬೇಕು ಅಂತ ಚಿಕ್ಕಂದಿನಿಂದ ಆಸೆ ಸಾರ್” ಎಂದು. ಪ್ರಶ್ನೆಯೇ ಅಂತಹದು, ಅದಕ್ಕೆ ಬೇರೆ ಉತ್ತರ ಹೇಳುವಷ್ಟು ಧೈರ್ಯ ಕೆಲಸ ಬೇಡಿ ಬಂದವರಿಗೆ ಎಲ್ಲಿಂದ ಬರಬೇಕು? ಮನೆಯಲ್ಲಿ ಸಾಲವಿದೆ, ತಮ್ಮನ ಓದಿಗೆ ಹಣ ಬೇಕು, ಗಂಡ ಬಿಟ್ಟುಹೋಗಿದ್ದಾನೆ ಎಂಬ ನಿಜವಾದ ಉತ್ತರಗಳು ಅವಮಾನಕರವಾದುವೆಂದು ನಾವೇ ಅವರಿಗೆ ಕಲಿಸಿದ್ದೇವೆ. ಹೊಟ್ಟೆಯ ಪಾಡಿಗೆ ಬಂದವರೂ ಒಳ್ಳೆಯ ಶುಶ್ರೂಷೆಯನ್ನು ಮಾಡಬಲ್ಲರು. ನಾನು ಉಪಾಧ್ಯಾಯನಾದುದೂ ಸಂಬಳಕ್ಕಾಗಿಯೇ. ಮಧ್ಯಾಹ್ನದಿಂದ ಆ ಪ್ರಶ್ನೆಯನ್ನು ಬಿಟ್ಟೆವು.

ಇನ್ನೊಂದು ಪ್ರಶ್ನೆ ಯಾರೂ ಬರೆದುಕೊಡದೆ ತಾನಾಗಿ ಬಂದಿತು. ಆಯಾಗಳ ಸ್ಥಾನಕ್ಕೆ ಬಂದ ಹೆಂಗಸೊಬ್ಬಳನ್ನು ಸದಸ್ಯರೊಬ್ಬರು ಊರು ಕೇಳಿದರು, ಕೇರಿ ಕೇಳಿದರು, ತಂದೆಯ ಹೆಸರನ್ನು ಕೇಳಿದರು, ಮನೆದೇವರು ಯಾವುದೆಂದು ಕೇಳಿದರು. ಆ ದಾರಿಯು ಎಲ್ಲಿಗೆ ಹೋಗುತ್ತದೆಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿದ್ದಿತು. ಎಲ್ಲರಿಗಿಂತ ಮೊದಲು ಅವಳಿಗೆ. ಅವಳು ತಲೆ ತಗ್ಗಿಸಲಿಲ್ಲ. ಕೇಳುತ್ತಿರುವುದನ್ನು ನೇರವಾಗಿ ಕೇಳಲಿ ಎಂಬಂತೆ ಆ ಸದಸ್ಯರ ಮುಖವನ್ನೇ ನೋಡುತ್ತ ಸುಮ್ಮನೆ ನಿಂತಳು. ಅಧ್ಯಕ್ಷರು, “ಅರ್ಜಿಯಲ್ಲಿ ಆ ಕಲಮು ಇಲ್ಲ, ಮುಂದಕ್ಕೆ ಹೋಗೋಣ” ಎಂದರು. ಸದಸ್ಯರ ಪರವಾಗಿ ಒಂದು ಮಾತನ್ನು ಹೇಳಬೇಕಾದರೆ, ಅವರ ಬಳಿ ನಿವಾಸಿಗಳ ಮನೆಯವರಿಂದ ಬಂದ ಎರಡು ಕಾಗದಗಳಿದ್ದವು. ತಮ್ಮ ತಾಯಿಗೆ ಇಂತಹವರೇ ಊಟ ಬಡಿಸಬೇಕೆಂದು ಅವುಗಳಲ್ಲಿ ಬರೆದಿದ್ದಿತು. ಒಂದು ಅಮೆರಿಕದಿಂದ ಬಂದುದು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೇಳನೆಯ ವಿಧಿಯನ್ನು ಆ ಮಹನೀಯರು ಶಾಲೆಯಲ್ಲಿ ನನ್ನಂತಹವನಿಂದಲೇ ಓದಿರಬೇಕು. ಅಂತಹ ಶರತ್ತನ್ನು ಒಪ್ಪಲಾಗುವುದಿಲ್ಲವೆಂದೂ, ಅದು ಬೇಕಾದವರು ಬೇರೆ ಏರ್ಪಾಟು ಮಾಡಿಕೊಳ್ಳಬಹುದೆಂದೂ ಇಬ್ಬರಿಗೂ ಉತ್ತರ ಹೋಯಿತು. ಯಾರೂ ತಾಯಿಯನ್ನು ಕರೆದುಕೊಂಡು ಹೋಗಲಿಲ್ಲ.

ಮಧ್ಯಾಹ್ನದ ಮೇಲೆ ನಮ್ಮ ಮಂಡಲಿಗೆ ಒಬ್ಬರು ಹೊಸ ಸದಸ್ಯರು ಸೇರಿದರು. ನಿವಾಸದಲ್ಲಿ ಎಲ್ಲರೂ ಅಜ್ಜಿಯೆಂದು ಕರೆಯುವ, ಎಂಬತ್ತೊಂದು ವರ್ಷದ, ಚಿಕ್ಕನಾಯಕನಹಳ್ಳಿಯ ಕಡೆಯ ಹೆಂಗಸು ಅವರು. ಸೊಂಟದ ಮೂಳೆ ಮುರಿದು ಗಾಲಿಯ ಕುರ್ಚಿಯಲ್ಲಿಯೇ ಓಡಾಟ. ಬೆಳಗಿನಿಂದ ಬಾಗಿಲ ಬಳಿ ಕುಳಿತು ಬಂದವರನ್ನೆಲ್ಲ ನೋಡುತ್ತಿದ್ದವರು, ಊಟದ ಹೊತ್ತಿಗೆ ಅಧ್ಯಕ್ಷರನ್ನು ತಡೆದು, “ಡಾಕ್ಟ್ರಪ್ಪ, ಎಮ್ಮೆ ಕೊಳ್ಳೋವಾಗ ಹಾಲು ಕುಡಿಯೋರನ್ನ ಕೇಳ್ತೀರಿ. ನಮ್ಮನ್ನ ಯಾಕೆ ಕೇಳಲ್ಲ?” ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಜ್ಜಿಯ ಕುರ್ಚಿಯನ್ನು ಮೇಜಿನ ಈಚೆಗೆ ತಳ್ಳಿಕೊಂಡು ಬಂದೆವು. ಅವರು ಎಲ್ಲರಿಗೂ ಕೇಳಿದುದು ಎರಡೇ ಪ್ರಶ್ನೆ. ಒಂದು: “ನನ್ನನ್ನ ಏನಂತ ಕರೀತೀಯವ್ವ?” ಎರಡು: “ರಾತ್ರಿ ನಾನು ಒಂದೇ ಮಾತನ್ನ ಹತ್ತು ಸಲ ಕೇಳಿದ್ರೆ ಏನ್ಮಾಡ್ತೀಯ?” ಎರಡನೆಯದಕ್ಕೆ, “ಹತ್ತು ಸಲಾನೂ ಉತ್ತರ ಕೊಡ್ತೀನಿ” ಎಂದವರು ಹಲವರು. ಒಬ್ಬಳು ಮಾತ್ರ ಯೋಚಿಸಿ, “ಹತ್ತನೇ ಸಲಕ್ಕೆ ನಂಗೂ ಬೇಜಾರಾಗುತ್ತೆ ಅಜ್ಜಿ. ಹೊರಗೆ ಹೋಗಿ ನೀರು ಕುಡಿದು ಬಂದು ಹೇಳ್ತೀನಿ” ಎಂದಳು. ಅಜ್ಜಿ ನಮ್ಮ ಕಡೆಗೆ ತಿರುಗಿ ನೋಡಿದರು. ಬೇಸರವು ಬರುವುದೆಂದು ಬಲ್ಲವರಿಗೆ ಅದು ಬಂದಾಗ ಏನು ಮಾಡಬೇಕೆಂಬುದೂ ತಿಳಿದಿರುತ್ತದೆ. ಬರುವುದೇ ಇಲ್ಲವೆನ್ನುವವರ ಕೈ ಕತ್ತಲೆಯಲ್ಲಿ ಬಿರುಸಾಗುತ್ತದೆ. ವೃದ್ಧರ ನಿವಾಸಗಳನ್ನು ಕುರಿತ ದೂರುಗಳಲ್ಲಿ ನಾನು ಓದಿರುವುದೆಲ್ಲ ಈ ಬಿರುಸಿನ ಸಂಗತಿಯೇ.

ಹಾಗೆ ಹೇಳಿದವಳೇ ಬೆಳಗ್ಗೆ ಸದಸ್ಯರ ಪ್ರಶ್ನೆಗಳಿಗೆ ಸುಮ್ಮನೆ ನಿಂತಿದ್ದ ಹೆಂಗಸು. ಅಜ್ಜಿ ಅವಳನ್ನು ಮತ್ತೆ ಕರೆಸಿದ್ದರು. ಬಾಣಸಂದ್ರದ ಕಡೆಯವಳು, ವಯಸ್ಸು ನಲವತ್ತರ ಸುಮಾರು. ಏಳನೆಯ ತರಗತಿಯವರೆಗೆ ಓದು. ಇಪ್ಪತ್ತು ವರ್ಷ ಮಾಡಿದ ಕೆಲಸವು ಕೊಬ್ಬರಿಯ ಚಿಪ್ಪನ್ನು ಬಿಡಿಸುವುದು. ಈ ಕೆಲಸವನ್ನು ನೋಡಿಲ್ಲದ ವಾಚಕರಿಗಾಗಿ ಹೇಳುತ್ತೇನೆ: ಸುಲಿದ ಕಾಯಿಯ ಚಿಪ್ಪನ್ನು ಕತ್ತಿಯಿಂದ ಮೆಲ್ಲಮೆಲ್ಲನೆ ತಟ್ಟಿ ಬಿಡಿಸುತ್ತ ಬರಬೇಕು, ಒಳಗಿನ ಉಂಡೆಗೆ ಏಟು ತಗಲಕೂಡದು. ಉಂಡೆ ಒಡೆದರೆ, ಗೀರು ಬಿದ್ದರೆ, ಉತ್ತರದೇಶಕ್ಕೆ ಹೋಗುವ ಆ ಸರಕಿನ ಬೆಲೆ ಬಿದ್ದುಹೋಗುತ್ತದೆ. ದಿನಕ್ಕೆ ಸಾವಿರ ಸಲ ಬಲವನ್ನೂ ತಡೆಯನ್ನೂ ಒಂದೇ ಮಣಿಕಟ್ಟಿನಲ್ಲಿ ಇಟ್ಟುಕೊಂಡಿರಬೇಕು. ಕಾರ್ಯದರ್ಶಿಗಳಿಗೆ ಅವಳ ಈ ಯೋಗ್ಯತಾಪತ್ರವು ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಯಿತು.

ರೋಗಿಗಳನ್ನು ನೋಡಿಕೊಂಡ ಅನುಭವವಿದೆಯೆ ಎಂದು ಕೇಳಿದರೆ ಇಲ್ಲವೆಂದಳು. ಮನೆಯಲ್ಲಿ ಯಾರನ್ನಾದರೂ ನೋಡಿಕೊಂಡೆಯಾ ಎಂದು ಅಜ್ಜಿ ಕೇಳಿದ ಮೇಲೆ ಹೊರಬಿದ್ದಿತು: ಅತ್ತೆಗೆ ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಮಲಗಿದ್ದರು. ಅದನ್ನು ಅನುಭವವೆಂದು ಎಣಿಸಬಹುದೆಂಬುದೇ ಅವಳಿಗೆ ಹೊಳೆದಿರಲಿಲ್ಲ. ಅಧ್ಯಕ್ಷರು ಮುಂದಕ್ಕೆ ಬಾಗಿ, “ಬೆನ್ನು ಹುಣ್ಣಾಗಿತ್ತೇನಮ್ಮ?” ಎಂದರು.

“ಇಲ್ಲ ಸ್ವಾಮಿ.”

“ನಾಲ್ಕು ವರ್ಷ ಮಲಗಿದವರಿಗೆ ಹುಣ್ಣಾಗಲಿಲ್ಲವೆ? ಹೇಗೆ?”

“ಮಗ್ಗುಲು ಮಾಡ್ತಿದ್ದೆ. ಕೋಳಿ ಕೂಗೋವಾಗ ಒಂದ್ಕಡೆ, ಹಾಲು ಕರಿಯೋವಾಗ ಇನ್ನೊಂದ್ಕಡೆ. ಹಗಲೊತ್ತು ಹಂಗೇ ಏನಾರ ಒಂದು ಗುರುತು ಇಟ್ಕೊಂಡಿದ್ದೆ.”

“ರಾತ್ರಿ?”

“ರಾತ್ರಿ ರೈಲು ಬರ್ತಾವಲ್ಲ ಸ್ವಾಮಿ. ರೈಲು ಹೋದಾಗೆಲ್ಲ ಎದ್ದು ತಿರುಗಿಸ್ತಿದ್ದೆ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲನ್ನು ಬದಲಾಯಿಸಬೇಕೆಂಬುದು ನರ್ಸಿಂಗ್ ಶಾಲೆಗಳಲ್ಲಿ ಹೇಳಿಕೊಡುವ ನಿಯಮ; ಹೀಗೆ ಮಾಡದಿದ್ದರೆ ಒತ್ತಿದ ಕಡೆ ರಕ್ತಸಂಚಾರ ನಿಂತು ಚರ್ಮ ಕೊಳೆಯುತ್ತದೆ. ದೊಡ್ಡ ಆಸ್ಪತ್ರೆಗಳಿಂದ ನಮ್ಮಲ್ಲಿಗೆ ಬಂದವರ ಬೆನ್ನಿನಲ್ಲಿಯೂ ಆ ಹುಣ್ಣುಗಳನ್ನು ನಾವು ಕಂಡಿದ್ದೇವೆ. ಈ ಹೆಂಗಸು ರೈಲಿನ ಕೂಗನ್ನು ಗಡಿಯಾರವಾಗಿ ಮಾಡಿಕೊಂಡು ಅದನ್ನು ತಡೆದಿದ್ದಳು. ಆದರೂ ಸದಸ್ಯರಲ್ಲೊಬ್ಬರು, ಬಾಯಿಮಾತಿಗೆ ಸಾಕ್ಷಿಯೇನು ಎಂದರು. ಆ ಆಕ್ಷೇಪಣೆ ನ್ಯಾಯವಾದುದೇ. ಆಗ ಕಾರ್ಯದರ್ಶಿಗಳು ತಾವೇ ಎದ್ದು ಪಕ್ಕದ ಮಂಚದ ಮೇಲೆ ಮಲಗಿಕೊಂಡು, “ನನಗೆ ಎಡಭಾಗ ಬಿದ್ದುಹೋಗಿದೆ, ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸು” ಎಂದರು. ಅವರದು ಭಾರಿಯಾದ ಶರೀರ. ಬೆಳಗಿನಿಂದ ಇದೇ ಪರೀಕ್ಷೆಗೆ ಒಡ್ಡಿದ್ದರೆ ಎಷ್ಟೋ ಮಂದಿ ತೋಳು ಹಿಡಿದು ಎಳೆಯುತ್ತಿದ್ದರು. ಇವಳು ಮೊದಲು, “ಎತ್ತಲಾ ಸ್ವಾಮಿ?” ಎಂದು ಕೇಳಿದಳು. ಬಲಗಡೆಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಬೆನ್ನ ಹಿಂದೆ ಕೈಯಿಟ್ಟು ಕೂರಿಸಿ, ಕುರ್ಚಿಯನ್ನು ಅವರ ಗಟ್ಟಿಯಾದ ಮಗ್ಗುಲಿಗೆ ಎಳೆದುಕೊಂಡು, ತನ್ನ ಮಂಡಿಯನ್ನು ಅವರ ಮಂಡಿಗೆ ಆನಿಸಿ ಒಂದೇ ಸಲಕ್ಕೆ ತಿರುಗಿಸಿ ಕೂರಿಸಿದಳು. ಕೊನೆಗೆ ಜಾರಿದ್ದ ಪಂಚೆಯನ್ನು ಸರಿಮಾಡಿದಳು. ಚರಕನು ಹೇಳಿದ ಎಬ್ಬಿಸುವವಳು ನಮ್ಮ ಕಣ್ಣೆದುರಿಗೆ ಇದ್ದಳು. ಆರು ತಿಂಗಳೊಳಗೆ ಗೃಹಶುಶ್ರೂಷೆಯ ತರಬೇತಿಯನ್ನು ದತ್ತಿಯ ಖರ್ಚಿನಲ್ಲಿಯೇ ಮುಗಿಸಬೇಕೆಂಬ ಶರತ್ತಿನ ಮೇಲೆ ಅವಳನ್ನು ಆರಿಸಿದೆವು. ಔಷಧ, ಸೂಜಿಗಳ ಗೊಡವೆಗೆ ಅವಳು ಹೋಗತಕ್ಕದ್ದಲ್ಲ. ಅದು ನರ್ಸಿನ ಕೆಲಸ.

ನರ್ಸಿನ ಸ್ಥಾನಕ್ಕೆ ಬಂದವರಲ್ಲಿ ಜಿ.ಎನ್.ಎಂ. ಓದಿದ ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ನಮ್ಮ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರ ಹೇಳಿದಳು. ನೀನೇನಾದರೂ ಕೇಳುವುದಿದೆಯೆ ಎಂದು ಅಧ್ಯಕ್ಷರು ರೂಢಿಯಂತೆ ವಿಚಾರಿಸಿದರೆ, ಕೈಚೀಲದಿಂದ ಕಾಗದವನ್ನು ತೆಗೆದಳು. ರಾತ್ರಿ ಒಬ್ಬ ನರ್ಸಿಗೆ ಎಷ್ಟು ಜನ? ವೈದ್ಯರು ಕರೆದರೆ ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಆಂಬ್ಯುಲೆನ್ಸನ್ನು ಕರೆಸುವ ಅಧಿಕಾರ ತನಗಿದೆಯೆ, ಕಾರ್ಯದರ್ಶಿಗಳನ್ನು ಕೇಳಬೇಕೆ? ರಾತ್ರಿ ಯಾರಾದರೂ ತೀರಿಕೊಂಡರೆ ಮನೆಯವರಿಗೆ ಯಾರು ಹೇಳಬೇಕು? “ಆ ಹೊತ್ತಲ್ಲಿ ನಾನೊಬ್ಬಳೇ ಇರ್ತೀನಾ ಸಾರ್?” ಎಂಬುದು ಕೊನೆಯ ಪ್ರಶ್ನೆ. ಸದಸ್ಯರೊಬ್ಬರಿಗೆ ಇದು ಉದ್ಧಟತನವಾಗಿ ಕಂಡಿತು. ನನಗಾದರೋ, ಆ ದಿನ ಕೇಳಿದ ಪ್ರಶ್ನೆಗಳಲ್ಲೆಲ್ಲ ಅವಳವೇ ಉತ್ತಮವೆಂದು ತೋರಿತು. ಆಂಬ್ಯುಲೆನ್ಸಿನ ಅಧಿಕಾರವು ಯಾರದೆಂಬುದು ನಮ್ಮ ನಿಯಮಾವಳಿಯಲ್ಲಿ ಇರಲೇ ಇಲ್ಲ. ಅವಳ ಎದುರಿಗೆ ಕುಳಿತೇ ಅದನ್ನು ಬರೆದುಕೊಂಡೆವು: ನರ್ಸು ಯಾರನ್ನೂ ಕೇಳದೆ ೧೦೮ಕ್ಕೆ ಕರೆಯಬಹುದು, ಸಾವಿನ ಸುದ್ದಿಯನ್ನು ಹೊತ್ತು ಎಷ್ಟಾಗಿದ್ದರೂ ಅಧ್ಯಕ್ಷರಾಗಲಿ ನಾನಾಗಲಿ ಬಂದು ಹೇಳುವುದು. ಆ ಮೇಲೆ ಮೂರು ರಾತ್ರಿ ನನಗೆ ಕರೆ ಬಂದಿದೆ. ಹೋದಾಗ ಪ್ರತಿಸಾರಿಯೂ ಹಾಸಿಗೆ ಒಪ್ಪವಾಗಿದ್ದಿತು, ದೀಪ ಉರಿಯುತ್ತಿದ್ದಿತು, ಅವಳು ಮಂಚದ ಪಕ್ಕದಲ್ಲಿಯೇ ಕುಳಿತಿದ್ದಳು.

ಹಿಂದಿನ ಕೆಲಸದ ಕಡೆ ವಿಚಾರಿಸುವುದು, ಪೊಲೀಸರಿಂದ ಪರಿಶೀಲನೆ ಮಾಡಿಸುವುದು, ಒಂದು ವಾರ ಹಗಲಿನಲ್ಲಿ ಜೊತೆಗಿಟ್ಟುಕೊಂಡು ನೋಡುವುದು ಇವೆಲ್ಲ ಬೇಕಾದವೇ, ನಡೆದವು. ತೊಡಕು ಬಂದುದು ಸಂಬಳದಲ್ಲಿ. ನಮ್ಮ ದತ್ತಿಯ ವರಮಾನಕ್ಕೆ ಆಧಾರ ದಾನಿಗಳು. ದಾನಿಗಳಿಗೆ ಆಧಾರ ಕೊಬ್ಬರಿ. ೨೦೨೩ರಲ್ಲಿ ಉಂಡೆಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆಯು ಕ್ವಿಂಟಾಲಿಗೆ ೧೧,೭೫೦ ರೂಪಾಯಿಗಳಾಗಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಇಳಿದಿದ್ದಿತು. ೨೦೨೪ರ ಬೇಸಗೆಯ ವೇಳೆಗೆ ದಾನಿಗಳ ಕೈ ಬಿಗಿಯಾಗಿದ್ದಿತು. ಆಯಾಗಳಿಗೆ ನಾವು ಗೊತ್ತುಮಾಡಿದ ಸಂಬಳವು, ಕಾಯಿ ಕೀಳುವವನು ತಿಂಗಳಲ್ಲಿ ಹದಿನೈದು ದಿನ ಮರ ಹತ್ತಿದರೆ ಬರುವುದಕ್ಕಿಂತ ಕಡಿಮೆ. ಮರ ಹತ್ತುವುದರಲ್ಲಿ ಪ್ರಾಣಭಯವಿದೆ, ಅವನಿಗೆ ಹೆಚ್ಚು ಸಲ್ಲಲಿ. ಆದರೆ ಹೆತ್ತವರನ್ನು ನೋಡಿಕೊಳ್ಳುವವರಿಗ�ೆ ಕೊಡುವಾಗ ‘ಪುಣ್ಯದ ಕೆಲಸ’ವೆಂಬ ಮಾತನ್ನು ರೂಪಾಯಿಯ ಬದಲಾಗಿ ಎಣಿಸಿಕೊಡುವ ನಮ್ಮ ಜನದ ಚಾತುರ್ಯವನ್ನು ನಾನು ಮೆಚ್ಚಲಾರೆ. ಪುಣ್ಯವನ್ನು ಅಂಗಡಿಯವನು ತೆಗೆದುಕೊಳ್ಳುವುದಿಲ್ಲ. ೨೦೨೫ರಲ್ಲಿ ಧಾರಣೆಯು ೨೦,೦೦೦ವನ್ನು ದಾಟಿತು. ಕಾರ್ಯದರ್ಶಿಗಳು ಮಂಡಿಯಿಂದ ಮಂಡಿಗೆ ಹೋಗಿ, ಏರಿದ ಕಾಲದ ದಾನವನ್ನು ಇಳಿದ ಕಾಲದ ಸಂಬಳಕ್ಕೆಂದು ಬೇರೆ ಠೇವಣಿಯಾಗಿ ಇಡಿಸಿದರು. ಆಯಾಗಳಿಗೆ ಸಂಬಳ ಏರಿತು, ಭವಿಷ್ಯನಿಧಿ ಸೇರಿತು. ಬಾಣಸಂದ್ರದ ಹೆಂಗಸು ತರಬೇತಿಯನ್ನು ಮುಗಿಸಿದಳು. ಬರೆಯುವ ಪರೀಕ್ಷೆಗೆ ಬಹಳ ಹೆದರಿದ್ದಳು, ಅಜ್ಜಿ ರಾತ್ರಿಯ ಹೊತ್ತು ಅವಳಿಗೆ ಪಾಠ ಒಪ್ಪಿಸಿಕೊಂಡರು.

ನರ್ಸನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಒಂದೂವರೆ ವರ್ಷವಿದ್ದಳು. ಹಗಲಿನಲ್ಲಿ ಜರ್ಮನ್ ಭಾಷೆಯನ್ನು ಕಲಿಯುತ್ತಿದ್ದಳೆಂಬುದು ನಮಗೆ ಆಮೇಲೆ ತಿಳಿಯಿತು. ಆ ದೇಶದಲ್ಲಿಯೂ ಮುದುಕರು ಹೆಚ್ಚು, ನೋಡಿಕೊಳ್ಳುವವರು ಕಡಿಮೆ. ನಮ್ಮ ಕಡೆಯ ಹುಡುಗಿಯರನ್ನು ಅವರು ಕರೆಯುತ್ತಾರೆ. ಸದಸ್ಯರೊಬ್ಬರು, ಇಲ್ಲಿ ಕಲಿತು ಅಲ್ಲಿಗೆ ಹೋಗುವುದು ಕೃತಘ್ನತೆಯಲ್ಲವೆ ಎಂದರು. ಅವರ ಮಗನೂ ಆ ದೇಶದಲ್ಲಿಯೇ ಇರುವುದನ್ನು ಯಾರೂ ನೆನಪು ಮಾಡಲಿಲ್ಲ. ಹೊರಡುವ ಮುಂಚೆ ಅವಳು ನನ್ನಿಂದ ಯೋಗ್ಯತಾಪತ್ರವನ್ನು ಕೇಳಿದಳು. ಬರೆಯಲು ಕುಳಿತಾಗ, ಮೂರು ರಾತ್ರಿಗಳ ವಿಷಯವನ್ನೇ ಬರೆದೆ. ಹೊರಡುವ ದಿನ ಮೂವತ್ತನಾಲ್ಕು ಮಂಚಗಳ ಬಳಿಗೂ ಹೋಗಿ ಹೇಳಿಬಂದಳು. ಮರೆವಿನವರೊಬ್ಬರು ಎಲ್ಲಿಗೆ ಹೋಗುತ್ತೀಯೆಂದು ನಾಲ್ಕು ಸಲ ಕೇಳಿದರು, ಅವಳು ನಾಲ್ಕು ಸಲವೂ ಹೇಳಿದಳು.

ಸ್ಥಾನವು ಮತ್ತೆ ತೆರವಾಗಿದೆ. ಈ ಸಾರಿಯ ಪ್ರಕಟನೆಯಲ್ಲಿ, ರಾತ್ರಿ ಒಬ್ಬ ನರ್ಸಿಗೆ ಎಷ್ಟು ಮಂದಿ, ಸಂಬಳವೆಷ್ಟು, ಆಂಬ್ಯುಲೆನ್ಸಿನ ಅಧಿಕಾರ ಯಾರದು ಎಂಬುದನ್ನು ಮೊದಲೇ ಅಚ್ಚುಮಾಡಿಸಿದ್ದೇವೆ. ಇದುವರೆಗೆ ನಾಲ್ಕು ಅರ್ಜಿಗಳು ಬಂದಿವೆ, ಎರಡು ಗಂಡಸರವು. ಬರುವ ಶನಿವಾರ ಸಂದರ್ಶನ. ಅಜ್ಜಿಗೆ ಈಗ ಕಿವಿ ಸ್ವಲ್ಪ ಮಂದವಾಗಿದೆಯಾದ್ದರಿಂದ, ಬಂದವರನ್ನು ತಮ್ಮ ಬಲಗಡೆಗೆ ಕೂರಿಸಬೇಕೆಂದು ಹೇಳಿಕಳುಹಿಸಿದ್ದಾರೆ.